ದಯವಿಟ್ಟು ನೀರು ಹಾಕಬೇಡಿ

ಗಡ್ಡೆ ಹೂವಿನ ಗಿಡ ಸಾಕುವವರಿಗೆ ಇರಬೇಕಾದ ಮೊದಲ ಗುಣ ಸೋಮಾರಿತನ. ಈ ಮಾತನ್ನು ನಮ್ಮ ಬೂದಿಗೆರೆಯಲ್ಲಿ ಜೋರಾಗಿ ಹೇಳುವ ಹಾಗಿಲ್ಲ. ರಾಗಿ ಬೆಳೆದು, ಸೀಮೆಹಸು ಕಟ್ಟಿ, ರೇಷ್ಮೆ ಹುಳುವಿಗೆ ಸರಿರಾತ್ರಿಯಲ್ಲಿ ಎದ್ದು ಸೊಪ್ಪು ಹಾಕಿ ಬಾಳಿದವರ ಸೀಮೆ ಇದು. ಅಂಥವರ ಮುಂದೆ ‘ನನ್ನ ಗಿಡಕ್ಕೆ ಇನ್ನು ನಾಲ್ಕು ತಿಂಗಳು ಏನೂ ಮಾಡಬಾರದು’ ಎಂದರೆ, ‘ಪೆನ್ಶನ್ ಬರೋರಿಗೆ ಎಲ್ಲಾ ನಡೆಯುತ್ತೆ ಬಿಡಿ ಟೀಚರಮ್ಮ’ ಎನ್ನುತ್ತಾರೆ. ಅದೂ ನಿಜವೇ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳಿಗೆ ಈಗ ಬೆಲ್ ಹೊಡೆಯುವವರಿಲ್ಲ. ಹೊಡೆದರೂ ಏಳುವವಳು ನಾನಲ್ಲ.

ಆದರೂ ನನ್ನ ಮಾತಿನಲ್ಲಿ ಹುರುಳಿದೆ. ಬೀಜ ಬಿತ್ತಿದವರು ಬೆಳಿಗ್ಗೆ ಸಂಜೆ ಬಗ್ಗಿ ನೋಡಬೇಕು. ಸಸಿ ನೆಟ್ಟವರು ನೆರಳು ಕಟ್ಟಬೇಕು, ಕೋಲು ಊರಬೇಕು, ಮೇಕೆ ಕಾಯಬೇಕು. ಗಡ್ಡೆಯವರ ಕೆಲಸ ಹೂಳಿ ಬಂದು ಕಾಫಿ ಕುಡಿಯುವುದು. ತನಗೆ ಬೇಕಾದ ಬುತ್ತಿಯನ್ನು ಗಡ್ಡೆ ತಾನೇ ಕಟ್ಟಿಟ್ಟುಕೊಂಡಿರುತ್ತದೆ. ಅದು ಹುಟ್ಟಿದ ಸೀಮೆಗಳೇ ಹಾಗೆ. ಕೆಲವು ತಿಂಗಳು ಮಳೆ, ಆಮೇಲೆ ಬರಗಾಲವೋ ಕಡುಚಳಿಯೋ. ಕಾಲ ಚೆನ್ನಾಗಿದ್ದಾಗ ಎಲೆ ಬಿಟ್ಟು, ಬಿಸಿಲು ಕುಡಿದು, ಹಿಟ್ಟು ಸಕ್ಕರೆಯನ್ನೆಲ್ಲ ನೆಲದೊಳಗಿನ ಉಗ್ರಾಣಕ್ಕೆ ಇಳಿಸಿ, ಕಾಲ ಕೆಟ್ಟಾಗ ಬಾಗಿಲು ಹಾಕಿಕೊಂಡು ಮಲಗುವ ಜಾಣತನ ಅದರದು. ಮಲಗಿದ್ದಾಗ ಎಬ್ಬಿಸದೆ ಇರುವುದಷ್ಟೇ ನಮ್ಮ ಪಾಲಿಗೆ ಬಂದ ಆರೈಕೆ. ಕೇಳಲು ಸುಲಭ. ಮಾಡಿ ನೋಡಿ.

ನಮ್ಮ ಮನೆಯಲ್ಲಿ ಅತ್ತೆಯವರಿದ್ದಾರೆ. ಬೆಳಿಗ್ಗೆ ಸೂರ್ಯನಿಗೆ ಕೈಮುಗಿದು ತುಳಸಿಗೆ ನೀರು ಹಾಕಿದ ಮೇಲೆ, ಚೊಂಬಿನಲ್ಲಿ ಉಳಿದದ್ದನ್ನು ಕಣ್ಣಿಗೆ ಬಿದ್ದ ಎಲ್ಲದಕ್ಕೂ ಹಾಕುವುದು ಅವರ ವ್ರತ. ಚೊಂಬು ಮುಗಿದರೆ ಅಕ್ಕಿ ತೊಳೆದ ನೀರಿದೆ, ಅದೂ ಮುಗಿದರೆ ಬಚ್ಚಲಿನ ಬಕೆಟ್ ಇದೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಕೆಮ್ಮುವ ಈ ಸೀಮೆಯಲ್ಲಿ, ಟ್ಯಾಂಕರಿಗೆ ಫೋನ್ ಮಾಡಿ ಕಾಯುವ ಮಾರ್ಚಿ ತಿಂಗಳಲ್ಲೂ, ಅವರ ಕೈಯಿಂದ ಹಸಿಯಾಗದೆ ಉಳಿದ ಕುಂಡ ನಮ್ಮ ಅಂಗಳದಲ್ಲಿಲ್ಲ. ಮಲಗಿದ ಗಡ್ಡೆಯ ಕುಂಡ ನೋಡುವುದಕ್ಕೆ ಬರೀ ಮಣ್ಣು. ‘ಪಾಪ, ಒಣಗಿ ಹೋಗಿದೆ ಕಣೇ’ ಎಂದು ಸುರಿದೇ ಬಿಡುತ್ತಾರೆ. ಎಲೆಯಿಲ್ಲದ ಗಡ್ಡೆಗೆ ನೀರು ಕುಡಿಯಲು ಬಾಯಿಲ್ಲ. ನೀರು ಬುಡದಲ್ಲೇ ನಿಂತು, ಬೂಸ್ಟು ಹಿಡಿದು, ಒತ್ತಿ ನೋಡಿದರೆ ಬೆರಳು ಒಳಗೆ ಹೋಗುವಷ್ಟು ಕೊಳೆತಿರುತ್ತದೆ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದವರು ಮರೆಯುವುದಿಲ್ಲ.

ಕೊನೆಗೆ ನಾನು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಗಡ್ಡೆ ಮಲಗಿದೆ, ದಯವಿಟ್ಟು ನೀರು ಹಾಕಬೇಡಿ’ ಎಂದು ಬರೆದು ಕಡ್ಡಿಗೆ ಸಿಕ್ಕಿಸಿ ಕುಂಡದಲ್ಲಿ ನೆಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಪೂರ್ತಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ‘ಮಲಗಿರೋರಿಗೆ ಬಾಯಾರಿಕೆ ಆಗಲ್ವೇನೇ?’ ಎಂದರು. ಸೈನ್ಸ್ ಟೀಚರ್ ಬಾಯಿ ಕಟ್ಟಿತು. ಈಗ ಮಲಗುವ ಕುಂಡಗಳನ್ನೆಲ್ಲ ಕಾರ್ತೀಕ ಕಳೆಯುತ್ತಲೇ ತಾರಸಿಯ ಮೆಟ್ಟಿಲ ಕೆಳಗಿನ ಕತ್ತಲಿಗೆ ಸಾಗಿಸುತ್ತೇನೆ. ಮಂಡಿನೋವಿನಿಂದಾಗಿ ಅತ್ತೆ ಅಷ್ಟು ಬಗ್ಗಲಾರರು.

ಮೆಟ್ಟಿಲ ಕೆಳಗೆ ಹೋಗುವವರಲ್ಲಿ ಮೊದಲಿಗರು ನರ್ಸರಿಯವರು ಅಮರಿಲ್ಲಿಸ್ ಎಂದು ಮಾರುವ, ಕಹಳೆಯಷ್ಟು ದೊಡ್ಡ ಕೆಂಪು ಹೂವಿನವರು. ಮೂಲ ದಕ್ಷಿಣ ಅಮೆರಿಕ. ಒಮ್ಮೆ ಕೆಲಸದವನ ಗುದ್ದಲಿ ತಾಗಿ ಒಂದು ಗಡ್ಡೆ ನೆತ್ತಿಯಿಂದ ಬುಡದವರೆಗೆ ಸೀಳಿಹೋಯಿತು. ಬಿಸಾಡುವ ಮೊದಲು ಹಳೇ ಅಭ್ಯಾಸದಿಂದ ಭೂತಗನ್ನಡಿ ಹಿಡಿದೆ. ಪದರದ ಮೇಲೆ ಪದರ, ಪ್ರತಿ ಪದರವೂ ಹೋದ ಯಾವುದೋ ಎಲೆಯ ಬುಡ. ನಡುವಿನಲ್ಲಿ, ಎರಡು ಬಿಳಿ ಪದರಗಳ ಸಂದಿನಲ್ಲಿ, ನುಚ್ಚಕ್ಕಿಯಷ್ಟು ಗಾತ್ರದ ತಿಳಿಹಸಿರು ಮೊಗ್ಗು. ಅದರ ಪಕ್ಕದಲ್ಲಿ ನಾಲ್ಕು ಎಲೆಯ ಜಾಗ ಬಿಟ್ಟು, ಸಾಸಿವೆಗಿಂತ ಚಿಕ್ಕದಾಗಿ ಇನ್ನೊಂದು. ಈ ಗಿಡದ ಲೆಕ್ಕವೇ ಅಷ್ಟು: ನಾಲ್ಕು ಎಲೆಗೆ ಒಂದು ಹೂಗೊಂಚಲು, ಮತ್ತೆ ನಾಲ್ಕು ಎಲೆ, ಮತ್ತೊಂದು ಗೊಂಚಲು. ನಾವು ಈ ಸಲದ ಹೂ ಬರಲಿಲ್ಲವೆಂದು ಗೊಣಗುವಾಗ ಅದು ಬರುವ ವರ್ಷದ್ದನ್ನೂ ಅದರಾಚೆಯದನ್ನೂ ಒಳಗೆ ಸಿದ್ಧ ಮಾಡಿಕೊಂಡು ಕೂತಿರುತ್ತದೆ.

ಹೀಗಿರುವುದರಿಂದಲೇ ಹೂ ಬಾಡಿದ ಮೇಲೆ ಎಲೆಗೆ ಕೈ ಹಚ್ಚಬಾರದು. ಹಸಿರೆಲೆ ಇರುವಷ್ಟು ದಿನ ಉಗ್ರಾಣಕ್ಕೆ ದವಸ ಬರುತ್ತಿರುತ್ತದೆ. ಉದ್ದುದ್ದ ಎಲೆ ಅಡ್ಡಾದಿಡ್ಡಿ ಬಿದ್ದಿದೆ, ನೋಡಲು ಚೆಂದವಿಲ್ಲ ಎಂದು ಹಬ್ಬಕ್ಕೆ ಮುಂಚೆ ಕತ್ತರಿ ಆಡಿಸುವ ಶುಚಿವಂತರು ಮುಂದಿನ ವರ್ಷ ‘ನಿಮ್ಮ ಗಡ್ಡೆ ಹೂವೇ ಬಿಡಲಿಲ್ಲ’ ಎಂದು ನನ್ನ ಮೇಲೆ ದೂರು ತರುತ್ತಾರೆ. ಎಲೆ ತಾನಾಗಿ ಹಳದಿಯಾಗಿ ಸೋತು ಬೀಳಬೇಕು, ಎಳೆದರೆ ಕೈಗೆ ಬರಬೇಕು. ಅಲ್ಲಿಯವರೆಗೂ ಅಂಗಳ ಗಲೀಜಾಗಿ ಕಂಡರೆ ಕಾಣಲಿ.

ಸೋಮಾರಿಗಳಿಗೂ ನೆಡುವ ದಿನ ಕೊಂಚ ಕೆಲಸವಿದೆ. ನಮ್ಮದು ಕೆಮ್ಮಣ್ಣು. ಮಳೆಗೆ ಹಿಟ್ಟಾಗಿ ಬಿಸಿಲಿಗೆ ಇಟ್ಟಿಗೆಯಾಗುವ ಗುಣ. ಅದಕ್ಕೆ ಮಾಗಿದ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಗಡ್ಡೆಯ ಬುಡಕ್ಕೆ ಒಂದು ಬೊಗಸೆ ಮರಳು. ಗಡ್ಡೆ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟೋ ಮೂರರಷ್ಟೋ ಆಳ. ಅಮರಿಲ್ಲಿಸ್ ಮಾತ್ರ ಕುತ್ತಿಗೆ ಹೊರಗೆ ಇಟ್ಟುಕೊಂಡೇ ಕೂರಬೇಕು. ಮರಳಿನದೇ ಕಷ್ಟ. ಹಿಂದೆ ಕೆರೆಯ ಕೋಡಿಯ ಕಡೆ ಹೋದರೆ ಒಂದು ಬಾಂಡಲಿ ಸಿಗುತ್ತಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದೇ ತಡ, ಬೂದಿಗೆರೆ ಕ್ರಾಸಿನಿಂದ ಇಲ್ಲಿಯವರೆಗೂ ರಸ್ತೆಯ ಎರಡೂ ಕಡೆ ಕಟ್ಟಡ ಏಳುತ್ತಲೇ ಇವೆ. ಎಲ್ಲಿ ನೋಡಿದರೂ ಮರಳಿನ ಗುಡ್ಡೆ. ಹತ್ತಿರ ಹೋಗಿ ಮುಟ್ಟಿದರೆ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡು. ವಾಚ್‌ಮನ್ ಒಳ್ಳೆಯವನು, ‘ಎಷ್ಟು ಬೇಕಾದ್ರೂ ತಗೊಳ್ಳಿ’ ಅನ್ನುತ್ತಾನೆ. ಅದನ್ನು ಜರಡಿ ಹಿಡಿದು ದೂಳು ತೆಗೆದು ಹಾಕಿದರೆ ಗಡ್ಡೆಗಳೇನೂ ತಕರಾರು ಮಾಡುವುದಿಲ್ಲ. ಅವಕ್ಕೆ ಬೇಕಾದದ್ದು ನೀರು ಇಳಿದು ಹೋಗುವ ದಾರಿ.

ಈ ಸೀಮೆಯ ಗಡ್ಡೆ ಹೂವಿನಲ್ಲಿ ದೊರೆ ಎಂದರೆ ಸುಗಂಧರಾಜ. ಹೊಸಕೋಟೆ, ದೇವನಹಳ್ಳಿ ಕಡೆಯ ಹೊಲದಲ್ಲಿ ದ್ರಾಕ್ಷಿ ಚಪ್ಪರದ ಪಕ್ಕ ಒಂದು ಪಟ್ಟಿ ಸುಗಂಧರಾಜ ಕಂಡರೆ ಆಶ್ಚರ್ಯವೇನಿಲ್ಲ. ಆಷಾಢದಲ್ಲಿ ಕೇಳುವವರಿಲ್ಲದೆ ಬಿದ್ದಿರುತ್ತದೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಅದರ ಬೆಲೆ ಕೇಳಿ ಕೈ ಹಿಂದೆಗೆಯಬೇಕು. ಮದುವೆ ಹಾರಕ್ಕೂ ಅದೇ, ಸಾವಿನ ಮನೆಯ ಹಾರಕ್ಕೂ ಅದೇ. ಇಷ್ಟು ನಮ್ಮದಾಗಿರುವ ಈ ಹೂವಿನ ತವರು ಮೆಕ್ಸಿಕೋ. ಸಸ್ಯಶಾಸ್ತ್ರದವರು ಇತ್ತೀಚೆಗೆ ಇದನ್ನು ಕತ್ತಾಳೆಯ ಕುಲಕ್ಕೆ ಸೇರಿಸಿಬಿಟ್ಟರು. ಹೊಲದ ಬೇಲಿಗೆ ಹಾಕುತ್ತಿದ್ದೆವಲ್ಲ, ಮುಳ್ಳಿನ ಕತ್ತಾಳೆ, ಅದೇ. ಅದರ ತವರೂ ಅಲ್ಲೇ. ಮೊದಲು ಓದಿದಾಗ ನನಗೆ ನಗು ಬಂತು. ಆಮೇಲೆ ನೋಡಿದರೆ ಇಬ್ಬರ ನಡತೆಯೂ ಒಂದೇ. ಕತ್ತಾಳೆ ವರ್ಷಗಟ್ಟಲೆ ಕಾದು ಆಕಾಶಕ್ಕೆ ಕಂಬ ಎತ್ತಿ ಒಮ್ಮೆ ಹೂ ಬಿಟ್ಟು ಸಾಯುತ್ತದೆ. ಸುಗಂಧರಾಜದ ಗಡ್ಡೆಯೂ ಒಂದೇ ಸಲ ಹೂ ಬಿಡುವುದು. ಆಮೇಲೆ ಹೂ ಕೊಡುವವು ಅದರ ಸುತ್ತ ಹುಟ್ಟಿದ ಮರಿಗಡ್ಡೆಗಳು. ಹೋದ ವರ್ಷ ಕಡ್ಡಿ ಬಿಟ್ಟ ಗಡ್ಡೆಯನ್ನೇ ಆರಿಸಿ ನೆಟ್ಟು ‘ಜಾತಿ ಚೆನ್ನಾಗಿತ್ತು, ಈ ಸಲ ಯಾಕೋ’ ಎನ್ನುವವರಿಗೆ ಇದು ಗೊತ್ತಿದ್ದರೆ ಸಾಕು. ನೆಡುವುದಕ್ಕೆ ಒಂದು ಅಂಗುಲ ದಪ್ಪದ ಗಟ್ಟಿ ಮರಿ ಬೇಕು. ಮೂರ್ನಾಲ್ಕು ತಿಂಗಳಲ್ಲಿ ಕಡ್ಡಿ ಬರುತ್ತದೆ, ಒಂದೇ ಮಡಿಯಲ್ಲಿ ಎರಡು ಮೂರು ವರ್ಷ ಬಿಡಬಹುದು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸುಗಂಧರಾಜದಲ್ಲಿ ಒಳ್ಳೊಳ್ಳೆಯ ತಳಿ ಬಿಟ್ಟಿದ್ದಾರೆ. ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್. ಚಿಕ್ಕಪೇಟೆಯ ಸೀರೆ ಅಂಗಡಿಗಳ ಬೋರ್ಡು ಓದಿದ ಹಾಗಿದೆ. ಶೃಂಗಾರ್, ಪ್ರಜ್ವಲ್ ಒಂದೇ ಸುತ್ತಿನ ಎಸಳಿನವು, ಬಿಡಿ ಹೂವಿಗೂ ಹಾರಕ್ಕೂ ಸರಿ. ಸುವಾಸಿನಿ ಸುತ್ತು ಸುತ್ತಿನದು, ಹೂದಾನಿಗೆ ಚೆಂದ. ಹೆಸರು ಸುವಾಸಿನಿ ಎಂದಿದ್ದರೂ, ನನ್ನ ಮೂಗಿನ ತೀರ್ಪು ಬಡ ಒಂಟಿ ಸುತ್ತಿನದರ ಕಡೆಗೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ಪರಿಮಳ ಏರುತ್ತದೆ. ಹೂವಿಗೆ ಬೇಕಾದದ್ದು ರಾತ್ರಿ ಹಾರುವ ಪತಂಗ, ನಮ್ಮ ಜಗುಲಿಯಲ್ಲಿ ಸೇರುವುದು ಸೊಳ್ಳೆ ಮತ್ತು ನೆಂಟರು.

ಮಳೆ ಲಿಲ್ಲಿಯನ್ನು ನಾನು ಯಾವತ್ತೂ ದುಡ್ಡು ಕೊಟ್ಟು ತಂದಿಲ್ಲ. ಯಾರೂ ತಂದಿರಲಾರರು. ಬಾವಿಕಟ್ಟೆಯ ಸುತ್ತ, ತುಳಸಿಕಟ್ಟೆಯ ಬುಡದಲ್ಲಿ, ಶಾಲೆಯ ಧ್ವಜಸ್ತಂಭದ ಸುತ್ತ ಗರಿಕೆಯ ಜತೆ ಗರಿಕೆಯಾಗಿ ಬೆಳೆದಿರುತ್ತದೆ. ಇದೂ ಅಮೆರಿಕ ಖಂಡದಿಂದ ಬಂದದ್ದೇ, ಆದರೆ ಪಂಚಾಂಗ ಮಾತ್ರ ನಮ್ಮದನ್ನು ಕಲಿತಿದೆ. ಬೇಸಿಗೆಯಲ್ಲಿ ಎಷ್ಟು ಕೊಡ ಬೋರ್ ನೀರು ಸುರಿದರೂ ಕದಲುವುದಿಲ್ಲ. ಅಶ್ವಿನಿಯೋ ಭರಣಿಯೋ ಒಂದು ಹದ ಮಳೆ ಬಂದು ನೆಲ ತಣಿದರೆ, ಮೂರ್ನಾಲ್ಕು ದಿನದಲ್ಲಿ ಎಲ್ಲಾ ಕಡೆ ಒಟ್ಟಿಗೆ ಗುಲಾಬಿ ಬಣ್ಣ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಹೇಳುವುದು ರಾಗಿಯ ಬಗ್ಗೆ ಇರಬಹುದು, ನಾನು ಮಳೆ ಲಿಲ್ಲಿಗೂ ಅನ್ವಯಿಸಿಕೊಂಡಿದ್ದೇನೆ. ಹವಾಮಾನ ಇಲಾಖೆ ‘ಚದುರಿದ ಮಳೆ’ ಎನ್ನುತ್ತದಲ್ಲ, ಆ ಚದುರಿದ್ದು ಎಲ್ಲಿ ಬಿತ್ತು ಎಂದು ತಿಳಿಯಬೇಕಾದರೆ ಮೂರು ದಿನ ಬಿಟ್ಟು ಸ್ಕೂಟರಿನಲ್ಲಿ ಸೂಲಿಬೆಲೆಯವರೆಗೆ ಹೋಗಿ ಬಂದರಾಯಿತು. ಯಾವ ಊರಿನ ಅಂಗಳ ಗುಲಾಬಿಯಾಗಿದೆಯೋ ಅಲ್ಲಿ ಬಿದ್ದಿದೆ.

ಅದರ ಹಿಂದೆಯೇ ಮೇ ಹೂವು. ಕೆಲವರು ಗುಲ್‌ಮೊಹರ್ ಮರವನ್ನೂ ಹಾಗೇ ಕರೆಯುತ್ತಾರೆ, ನಾನು ಹೇಳುತ್ತಿರುವುದು ಫುಟ್‌ಬಾಲ್ ಲಿಲ್ಲಿಯ ವಿಚಾರ. ಆಫ್ರಿಕದ ಗಡ್ಡೆ. ವರ್ಷವೆಲ್ಲ ಇದ್ದದ್ದೇ ಮರೆತುಹೋಗಿರುತ್ತದೆ, ಮೇ ತಿಂಗಳಲ್ಲಿ ಎಲೆಗೂ ಮೊದಲೇ ದಪ್ಪ ದಂಟು ಮಣ್ಣು ಸೀಳಿಕೊಂಡು ಬಂದು, ನೂರಾರು ಕೆಂಪು ಹೂವಿನ ಚೆಂಡೊಂದನ್ನು ಎತ್ತಿ ಹಿಡಿಯುತ್ತದೆ. ಎರಡು ವಾರ ಹಾಗೇ ನಿಂತು ಮುಗಿಯಿತು, ಇನ್ನು ಕೆಲವು ತಿಂಗಳು ಎಲೆ ಮಾತ್ರ, ಆಮೇಲೆ ಬರುವ ಮೇವರೆಗೆ ಅದೂ ಇಲ್ಲ. ಎರಡು ವಾರದ ಸಂಭ್ರಮಕ್ಕೆ ವರ್ಷಪೂರ್ತಿ ಕುಂಡದ ಬಾಡಿಗೆ ಯಾಕೆ ಎಂದು ನಮ್ಮ ಯಜಮಾನರು ಕೇಳುತ್ತಾರೆ. ವರ್ಷಕ್ಕೊಮ್ಮೆ ಎರಡು ದಿನ ಬಂದು ಹೋಗುವ ಅವರ ಅಣ್ಣನಿಗೆ ಒಂದು ರೂಮು ಖಾಲಿ ಇಟ್ಟಿದ್ದೇವಲ್ಲ ಎಂದು ನಾನು ಹೇಳುವುದಿಲ್ಲ. ಅಂದುಕೊಳ್ಳುತ್ತೇನೆ.

ಟ್ಯುಲಿಪ್ ವಿಚಾರಕ್ಕೆ ಬರೋಣ. ತಂಗಿಯ ಮಗ ಬೂದಿಗೆರೆ ಕ್ರಾಸಿನ ಅಪಾರ್ಟ್‌ಮೆಂಟಿನಲ್ಲಿದ್ದಾನೆ, ವೈಟ್‌ಫೀಲ್ಡಿನಲ್ಲಿ ಕೆಲಸ. ಹೆಂಡತಿಯ ಜತೆ ಶ್ರೀನಗರಕ್ಕೆ ಹೋಗಿ ದಾಲ್ ಸರೋವರದ ಪಕ್ಕದ ಟ್ಯುಲಿಪ್ ತೋಟ ನೋಡಿ ಬಂದ. ಜಬರ್‌ವಾನ್ ಬೆಟ್ಟದ ಬುಡದಲ್ಲಿ ಏಪ್ರಿಲ್ ಹೊತ್ತಿಗೆ ಬಣ್ಣದ ಪಟ್ಟಿಗಳು. ನೋಡಿದವರಿಗೆ ತಲೆ ತಿರುಗದಿದ್ದರೆ ಆಶ್ಚರ್ಯ. ಇವನೂ ಮೊಬೈಲಿನಲ್ಲಿ ಆರ್ಡರ್ ಮಾಡಿ ಒಂದು ಪೊಟ್ಟಣ ಗಡ್ಡೆ ತರಿಸಿದ. ‘ದೊಡ್ಡಮ್ಮ, ನಮ್ಮಲ್ಲಿ ಬರುತ್ತಾ?’ ಎಂದ. ‘ನಿನಗೆ ಎಷ್ಟು ಚಳಿ ತಡೆಯೋಕಾಗುತ್ತೆ?’ ಎಂದೆ.

ಟ್ಯುಲಿಪ್ ಮಧ್ಯ ಏಷ್ಯಾದ ಬೆಟ್ಟಗಳದು. ಹನ್ನೆರಡು ಹದಿನಾಲ್ಕು ವಾರ ಒಂಬತ್ತು ಡಿಗ್ರಿಯೊಳಗಿನ ಚಳಿ ಕಾಣದಿದ್ದರೆ ಅದರ ದಂಟು ಉದ್ದವಾಗುವುದಿಲ್ಲ. ಬೆಂಗಳೂರಿನ ದಾಖಲೆಯಲ್ಲಿ ಅತಿ ಚಳಿಯ ದಿನ 1884ರ ಜನವರಿ 13, ಅವತ್ತು 7.8 ಡಿಗ್ರಿ. ಟ್ಯುಲಿಪ್ಪಿಗೆ ಸಾಲುವಂಥದು ಎಂದರೆ ಆ ಒಂದು ಬೆಳಗಿನ ಜಾವ, ಆಗ ಯಾರೂ ನೆಟ್ಟಿರಲಿಲ್ಲ. ಉಳಿದ ದಾರಿ ಫ್ರಿಜ್ಜು. ಅಲ್ಲೂ ಒಂದು ಷರತ್ತು. ಮಾಗುವ ಹಣ್ಣು ಬಿಡುವ ಎಥಿಲೀನ್ ಗಾಳಿ ತಾಗಿದರೆ ಗಡ್ಡೆಯೊಳಗಿನ ಮೊಗ್ಗು ಸತ್ತೇ ಹೋಗುತ್ತದೆ. ಹೀಗಾಗಿ ಆ ಮನೆಯ ಫ್ರಿಜ್ಜಿನಿಂದ ಆಯುಧಪೂಜೆಯ ಸೇಬು, ಸೀಬೆ, ಮೋಸಂಬಿಗೆ ಗಡೀಪಾರಾಯಿತು. ಹುಡುಗಿಯ ತಾಯಿ ಬಾಣಂತನ ಮಾಡಲು ಬಂದಿದ್ದರು. ಮಗಳಿಗೆಂದು ತಂದ ದಾಳಿಂಬೆಯನ್ನು ಅಳಿಯ ಹೊರಗೆ ತೆಗೆದಿಟ್ಟು, ಆ ಜಾಗದಲ್ಲಿ ಈರುಳ್ಳಿಯಂಥದೇನನ್ನೋ ಕಾಗದದಲ್ಲಿ ಸುತ್ತಿ ಮಲಗಿಸುವುದನ್ನು ಅವರು ಸಂಕ್ರಾಂತಿಯವರೆಗೂ ಮೌನವಾಗಿ ನೋಡಿದರು. ಆ ಮೌನದ ಅರ್ಥ ತಿಳಿಯುವಷ್ಟು ವಯಸ್ಸು ಹುಡುಗನಿಗೆ ಆಗಿರಲಿಲ್ಲ.

ಜನವರಿಯಲ್ಲಿ ಬಾಲ್ಕನಿಯ ಕುಂಡಕ್ಕೆ ಬಂದವು. ಎಲೆ ಬಂತು. ಆಮೇಲೆ ಎಲೆಗಳ ನಡುವೆ, ನೆಲಕ್ಕೆ ಅಂಟಿಕೊಂಡ ಹಾಗೆ, ದಂಟೇ ಇಲ್ಲದ ಒಂದು ಕೆಂಪು ಹೂವು. ಇನ್ನೊಂದು ಅರ್ಧ ಬಿರಿದು ಅಲ್ಲೇ ನಿಂತಿತು. ಚಳಿ ಸಾಲದಿದ್ದರೆ ಆಗುವುದೇ ಹೀಗೆ. ಅಪಾರ್ಟ್‌ಮೆಂಟಿನವರೆಲ್ಲ ಬಂದು, ಬಗ್ಗಿ, ಮೊಣಕಾಲೂರಿ ಫೋಟೋ ತೆಗೆದುಕೊಂಡರು. ಬೀಗಿತ್ತಿಯವರು ಮಾತ್ರ ‘ಇದಕ್ಕೇನಾ?’ ಎಂದು ಒಂದೇ ಮಾತು ಆಡಿದರಂತೆ.

ನಾನು ಹುಡುಗನ ಪರ. ಅವನಿಗಿಂತ ದೊಡ್ಡ ಹುಚ್ಚರು ಇದ್ದರು. 1636ರ ಚಳಿಗಾಲದಲ್ಲಿ ಹಾಲೆಂಡಿನವರು ಹೆಂಡದಂಗಡಿಗಳಲ್ಲಿ ಕೂತು ಟ್ಯುಲಿಪ್ ಗಡ್ಡೆ ವ್ಯಾಪಾರ ಮಾಡಿದರು. ಗಡ್ಡೆ ಇನ್ನೂ ನೆಲದಲ್ಲೇ ಇತ್ತು, ಕೈ ಬದಲಾಗುತ್ತಿದ್ದದ್ದು ಬರೀ ಕಾಗದ. ಗಾಳಿ ವ್ಯಾಪಾರ ಎಂದು ಅವರೇ ಅದಕ್ಕೆ ಹೆಸರಿಟ್ಟಿದ್ದರು. ಒಳ್ಳೆಯ ಗಡ್ಡೆಗೆ ಒಂದು ಮನೆಯ ಬೆಲೆ ಎನ್ನುವವರೆಗೆ ಹೋಗಿ 1637ರ ಫೆಬ್ರವರಿಯಲ್ಲಿ ಎಲ್ಲ ಕುಸಿಯಿತು. ತಮಾಷೆಯೆಂದರೆ ಅತಿ ಹೆಚ್ಚು ಬೆಲೆ ಬಾಳಿದ ಗೆರೆಗೆರೆಯ ಹೂಗಳು ರೋಗಿಷ್ಟ ಹೂಗಳು. ಗಿಡಹೇನು ಹರಡುವ ಒಂದು ವೈರಸ್ಸು ಬಣ್ಣವನ್ನು ಒಡೆದು ಆ ಚೆಂದ ಕೊಡುತ್ತಿತ್ತು, ಹಾಗೆಯೇ ಗಡ್ಡೆಯನ್ನೂ ಸೊರಗಿಸುತ್ತಿತ್ತು. ಇದು ಖಚಿತವಾದದ್ದು 1928ರಲ್ಲಿ, ಡೊರೊಥಿ ಕೇಲಿ ಎಂಬ ಇಂಗ್ಲಿಷ್ ವಿಜ್ಞಾನಿಯಿಂದ. ಈ ಕತೆಯನ್ನು ನಾನು ಬೂದಿಗೆರೆಯ ಬೇಕರಿ ಮುಂದೆ ಹೇಳಿದರೆ ಯಾರೂ ಬೆರಗಾಗುವುದಿಲ್ಲ. ನೆಲ ನೋಡದೆ, ಲೇಔಟಿನ ನಕ್ಷೆಯ ಮೇಲೆ ಬೆರಳಿಟ್ಟು ಸೈಟು ಕೊಂಡು, ರಿಜಿಸ್ಟರ್ ಆಗುವ ಮೊದಲೇ ಇನ್ನೊಬ್ಬರಿಗೆ ದಾಟಿಸಿದವರು ಅದೇ ಬೇಕರಿಯಲ್ಲಿ ಟೀ ಕುಡಿಯುತ್ತಿರುತ್ತಾರೆ. ‘ಗಡ್ಡೆ ಆದ್ರೆ ನೆಟ್ಟಾದ್ರೂ ನೆಡಬಹುದಿತ್ತು’ ಎಂದು ಒಬ್ಬರು ನಿಟ್ಟುಸಿರು ಬಿಟ್ಟರು. ನೆಡುವುದೇನು, ತಿಂದೂ ಇದ್ದಾರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದ ಹಸಿವಿನಲ್ಲಿ, ಅದೇ ಹಾಲೆಂಡಿನವರು ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದು ಜೀವ ಉಳಿಸಿಕೊಂಡರು.

ಇದನ್ನು ಓದಿ ಯಾರೂ ಬೇರೆ ಗಡ್ಡೆ ಬಾಯಿಗಿಡಬಾರದು. ಅಮರಿಲ್ಲಿಸ್, ಮಳೆ ಲಿಲ್ಲಿ, ಮೇ ಹೂವು ಎಲ್ಲವೂ ಹೊಟ್ಟೆಗೆ ವಿಷ. ಎಲ್ಲಕ್ಕಿಂತ ಕೆಟ್ಟದ್ದು ಗೌರಿ ಹೂವಿನ ಗಡ್ಡೆ. ಗೌರಿ ಹಬ್ಬದ ಕಾಲಕ್ಕೆ ಬೇಲಿ ಸಾಲಿನಲ್ಲಿ ಬೆಂಕಿಯ ನಾಲಗೆ ಚಾಚಿಕೊಂಡು ಅರಳುತ್ತದಲ್ಲ, ಅದೇ. ಅದರ ಕೊಲ್ಚಿಸಿನ್ ಔಷಧಿ ಕಂಪನಿಯವರಿಗೆ ಹೊನ್ನು, ಮಕ್ಕಳಿರುವ ಮನೆಗೆ ಕುತ್ತು. ನಮ್ಮಲ್ಲಿ ಅದು ಕಾಂಪೌಂಡಿನ ಹೊರಗಷ್ಟೇ.

ವಿಷವಿದ್ದರೂ ವೈರಿಗಳಿಗೆ ಕೊರತೆಯಿಲ್ಲ. ಡೇಲಿಯಾ ಗಡ್ಡೆಗೆ ಹೆಗ್ಗಣ ಬೀಳುತ್ತದೆ. ಎಳೆ ಸುಳಿಗೆ ಆಫ್ರಿಕದ ಬಸವನಹುಳು, ಅಂಗೈ ಅಗಲದ್ದು. 1847ರಲ್ಲಿ ಬೆನ್ಸನ್ ಎಂಬ ದೊರೆ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ಒಂದು ತೋಟದಲ್ಲಿ ಬಿಟ್ಟನಂತೆ. ಅಲ್ಲಿಂದ ನಮ್ಮ ಹಿತ್ತಲಿಗೆ ನಡೆದುಕೊಂಡು ಬರಲು ಎಷ್ಟು ಕಾಲ ಹಿಡಿಯಿತೋ, ಬಂದದ್ದಂತೂ ಬಂದಿದೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪು ನೀರಿನ ಬಕೆಟಿಗೆ ಹಾಕುವುದು ಬಿಟ್ಟರೆ ಬೇರೆ ಉಪಾಯ ನನಗೆ ಫಲಿಸಿಲ್ಲ. ಆದರೆ ನಿಜವಾದ ಸೋಲು ಕೊನ್ನಾರಿಯಿಂದ. ಜೇಕು ಎನ್ನಿ, ಭದ್ರಮುಷ್ಟಿ ಎನ್ನಿ, ಜಗತ್ತಿನ ಅತಿ ಕೆಟ್ಟ ಕಳೆ ಎಂದು ಬಲ್ಲವರು ಪಟ್ಟ ಕಟ್ಟಿದ್ದು ಇದಕ್ಕೇ. ಅದೂ ಗಡ್ಡೆಯೇ. ನೆಲದೊಳಗೆ ದಾರದಲ್ಲಿ ಪೋಣಿಸಿಕೊಂಡು ಹೋಗುತ್ತದೆ, ಒಂದನ್ನು ಎಳೆದರೆ ದಾರ ಕಿತ್ತು ಉಳಿದವು ಅಲ್ಲೇ ಚಿಗುರುತ್ತವೆ. ಬೂದಿಗೆರೆಯ ಮಣ್ಣಿನಲ್ಲಿ ಆಳ, ಮರಳು, ಚಳಿ, ನಿದ್ದೆ ಯಾವ ಶಾಸ್ತ್ರವೂ ಇಲ್ಲದೆ, ಅತ್ತೆ ನೀರು ಹಾಕಿದರೂ ಹಾಕದಿದ್ದರೂ ಬರುವ ಗಡ್ಡೆ ಅದೊಂದೇ.

ಡೇಲಿಯಾಕ್ಕೆ ನಾನು ಮಾರುಹೋದದ್ದು ಸಾಗರದ ಕಡೆಯ ಸಹೋದ್ಯೋಗಿಯೊಬ್ಬರಿಂದ. ಮಲೆನಾಡಿನವರು ಅದನ್ನು ಡೇರೆ ಎನ್ನುತ್ತಾರೆ. ಮೆಕ್ಸಿಕೋದಲ್ಲಿ ಹುಟ್ಟಿ, 1791ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಸ್ವೀಡನ್ನಿನ ಆಂದ್ರೆಯಾಸ್ ದಾಲ್ ಎಂಬವನ ಹೆಸರು ಹೊತ್ತ ಗಿಡ, ಸಾಗರ ಸಿರಸಿಯ ಅಂಗಳ ತಲುಪುವಷ್ಟರಲ್ಲಿ ಹೀಗೆ ಮನೆಮಗಳಾಗಿಬಿಟ್ಟಿದೆ. ಅಲ್ಲಿಯ ಹೆಂಗಸರು ಮಳೆಗಾಲದಲ್ಲಿ ಡೇರೆ ನೋಡುವುದಕ್ಕೆಂದೇ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ತಮ್ಮಲ್ಲಿಲ್ಲದ ಬಣ್ಣ ಕಂಡರೆ ಬಾಯಿಬಿಟ್ಟು ಕೇಳುವುದಿಲ್ಲ, ಎರಡು ಸಲ ಹೊಗಳುತ್ತಾರೆ. ಮೂರನೆಯ ಸಲ ಹೊಗಳುವಷ್ಟರಲ್ಲಿ ಮನೆಯಾಕೆ ‘ಗಡ್ಡೆ ಕೀಳುವಾಗ ಬಾ’ ಎನ್ನಲೇಬೇಕು. ನನ್ನ ಸಹೋದ್ಯೋಗಿ ಕೊಟ್ಟದ್ದು ಒಣಗಿದ ಗೆಣಸಿನಂಥ ಒಂದು ಗೊಂಚಲು. ಜತೆಗೆ ಎಚ್ಚರಿಕೆ: ಗಡ್ಡೆ ಎಷ್ಟೇ ದಪ್ಪವಿರಲಿ, ಹಳೇ ಕಾಂಡದ ಬುಡದ ಚೂರು ಅಂಟಿಕೊಂಡಿಲ್ಲದಿದ್ದರೆ ಮೊಳೆಯುವುದಿಲ್ಲ, ಕಣ್ಣು ಇರುವುದು ಅಲ್ಲಿ. ಕತ್ತರಿಸಿದ ಜಾಗಕ್ಕೆ ಒಲೆ ಬೂದಿ ಒತ್ತಿ ಎರಡು ದಿನ ನೆರಳಲ್ಲಿಡಬೇಕು. ನಮ್ಮ ಬಿಸಿಲಿಗೆ ಅದು ಮಲೆನಾಡಿನಷ್ಟು ದೊಡ್ಡ ಹೂ ಕೊಡುವುದಿಲ್ಲ. ಬೇಸರವಿಲ್ಲ. ಅಂಗೈ ತುಂಬುತ್ತದೆ.

ನಮ್ಮ ಕಡೆ ಕೊಡು-ಕೊಳ್ಳುವ ರೀತಿ ಬೇರೆ. ಇಲ್ಲಿ ನೇರವಾಗಿ ಕೇಳುತ್ತಾರೆ, ಕೊಡದಿದ್ದರೆ ನೇರವಾಗಿ ಕೀಳುತ್ತಾರೆ. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಎರಡೂ ಕಡೆಯವರಿಗೂ ಅನುಕೂಲ. ಪಕ್ಕದ ಮನೆ ಅಕ್ಕ ನನ್ನ ಹಳದಿ ಕಾಬಾಳೆಯನ್ನು ಹೀಗೆಯೇ ಕೊಂಡೊಯ್ದು, ಅದು ಅಲ್ಲಿ ಪೊದೆಯಾಗಿ ಬೆಳೆದ ಮೇಲೆ, ನನ್ನದು ಸತ್ತದ್ದು ಕಂಡು, ನನಗೇ ಒಂದು ಬುಡ ತಂದು ಕೊಟ್ಟು ಉಪಕಾರ ಮಾಡಿದವರ ಮುಖ ಮಾಡಿದರು. ಹೀಗಾಗಿ ನಮ್ಮಲ್ಲಿ ಹೂವಿಗೆ ಇರುವುದು ಕೊಟ್ಟವರ ಹೆಸರು. ಮಂಡೂರತ್ತಿಗೆ ಲಿಲ್ಲಿ. ಪೋಸ್ಟ್‌ಮ್ಯಾನ್ ಸುಗಂಧರಾಜ. ಹೆಡ್‌ಮಾಸ್ಟರ್ ಡೇಲಿಯಾ. ಹೆಡ್‌ಮಾಸ್ಟರ್ ತೀರಿಕೊಂಡು ಬಹಳ ಕಾಲವಾಯಿತು, ಈಗಲೂ ಮನೆಯಲ್ಲಿ ‘ಹೆಡ್‌ಮಾಸ್ಟ್ರಿಗೆ ಗೊಬ್ಬರ ಹಾಕಿದೆಯಾ?’ ಎಂಬ ಮಾತು ಕೇಳುತ್ತಿರುತ್ತದೆ. ಹೊಸದಾಗಿ ಬಂದ ಬಾಡಿಗೆಯವರು ಗಾಬರಿಯಾಗುತ್ತಾರೆ.

ನಮ್ಮ ಬೀದಿಯ ಕೊನೆಯಲ್ಲಿದ್ದ ಹಂಚಿನ ಮನೆಯನ್ನು ಹೋದ ವರ್ಷ ಕೆಡವಿದರು. ಮಕ್ಕಳು ಪಾಲು ಮಾಡಿಕೊಂಡು ಮಾರಿದ್ದು. ಗೋಡೆ, ಹಂಚು, ಬಾಗಿಲು ಎಲ್ಲ ಲಾರಿ ಹತ್ತಿ ಹೋಗಿ ಬರೀ ನೆಲ ಉಳಿದಿತ್ತು. ಭರಣಿ ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಇಟ್ಟಿಗೆ ಚೂರುಗಳ ನಡುವೆ ಮಳೆ ಲಿಲ್ಲಿ ಎದ್ದು ನಿಂತಿದೆ. ಸುಮ್ಮನೆ ಚೆಲ್ಲಾಪಿಲ್ಲಿ ಅಲ್ಲ, ನೇರ ಸಾಲಿನಲ್ಲಿ ಹೋಗಿ ಒಂದು ಕಡೆ ಚೌಕವಾಗಿ ತಿರುಗಿ ಮತ್ತೆ ನೇರ. ಗೇಟಿನಿಂದ ಬಾಗಿಲವರೆಗಿನ ದಾರಿ, ನಡುವೆ ತುಳಸಿಕಟ್ಟೆ. ಮನೆಯ ನಕ್ಷೆ ಬೇಕಿದ್ದವರು ಪಂಚಾಯಿತಿ ಆಫೀಸಿಗೆ ಹೋಗಬೇಕಿರಲಿಲ್ಲ.

ಮಾರನೆಯ ದಿನ ಜೆಸಿಬಿ ಬಂತು. ನಾನು ಬುಟ್ಟಿ ತೆಗೆದುಕೊಂಡು ಹೋದೆ. ಓಡಿಸುವ ಹುಡುಗ ರಾಯಚೂರಿನ ಕಡೆಯವನು. ನಾನು ಮಣ್ಣಿನ ಗುಡ್ಡೆ ಕೆದಕುವುದನ್ನು ನೋಡಿ ಮಿಷನ್ ನಿಲ್ಲಿಸಿ ಇಳಿದು ಬಂದ.

‘ಉಳ್ಳಾಗಡ್ಡಿ ಏನ್ರೀ ಅಮ್ಮಾರ?’

‘ಅಲ್ಲಪ್ಪ, ಹೂವಿನ ಗಡ್ಡೆ. ತಿನ್ನಬೇಡ, ವಿಷ.’

‘ತಿನ್ನಾಕ ಬರೂದಿಲ್ಲಂದ್ರ ಯಾಕ್ರೀ ಇಷ್ಟು ತ್ರಾಸ ತಗೋತೀರಿ?’

ಹೂವು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದ. ಅವ್ವಗ ಹೂವಂದ್ರ ಭಾಳ ಪ್ರೀತಿ, ಕಾರಹುಣ್ಣಿಮೆಗೆ ಊರಿಗೆ ಹೊಂಟೀನಿ, ನಾಕು ಕೊಡ್ರಿ ಎಂದ. ಒಂದು ಮುಷ್ಟಿ ಕೊಟ್ಟೆ. ನೆಡುವ ಕ್ರಮ ಕೇಳಿದ.

‘ದಿನಾ ನೀರ ಹಾಕಬೇಕೇನ್ರೀ?’

‘ಬೇಡ.’

‘ಸರಕಾರಿ ಗೊಬ್ರ?’

‘ಬೇಡ.’

‘ಮತ್ತ ಏನ್ ಮಾಡಬೇಕ್ರೀ?’

‘ಹೂತು ಸುಮ್ಮನಿದ್ದುಬಿಡಬೇಕು. ಮಳೆ ಬಂದಾಗ ಅದೇ ಬರುತ್ತೆ.’

ನನ್ನನ್ನು ಒಂದು ಥರಾ ನೋಡಿ ಗಡ್ಡೆಗಳನ್ನು ಕಿಸೆಗೆ ಹಾಕಿಕೊಂಡ. ಹಬ್ಬ ಮುಗಿಸಿ ಬಂದವನು ಪಾಯ ತೋಡುವ ಕೆಲಸದ ನಡುವೆ ನಮ್ಮ ಮನೆಯವರೆಗೂ ಬಂದು ಸುದ್ದಿ ಮುಟ್ಟಿಸಿದ.

‘ಅವ್ವ ಹಚ್ಯಾಳ್ರೀ ಅಮ್ಮಾರ. ಆದ್ರ ಮುಂಜಾನಿ ಒಂದ್ ಕೊಡ, ಸಂಜೀಕ ಒಂದ್ ಕೊಡ ನೀರ ಸುರವ್ಯಾಕತ್ಯಾಳ. ಬ್ಯಾಡಂತ ಹೇಳಿದ್ರ ನನಗ ಬೈತಾಳ.’

ಜಗುಲಿಯ ಮೇಲೆ ಅವರೆಕಾಳು ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು.

‘ಆಯಮ್ಮನಿಗೆ ಬುದ್ಧಿ ಐತೆ ಕಣಪ್ಪಾ’ ಎಂದರು.